ಹೊಳೆಯದ ಹುಳ

ಜೂನ್ ೨, ಮಧ್ಯಾಹ್ನ

ಇವತ್ತೂ ಅಣ್ಣನ ಟೊಮೆಟೊ ಹೊಲದಲ್ಲಿ ಟ್ರೈಕೊ ಕಾರ್ಡ್ ಕೆಲಸ — ಕಣಜದ ಹುಳ ಬೆಳೆಯುತ್ತಿರುವ ಮೊಟ್ಟೆ ಅಂಟಿಸಿದ ಕಾಗದ. ಎಲೆಯಡಿಗೆ ಒಂದೊಂದು ಚೂರು, ಪಿನ್ ಹೊಡೆದು. ಬೆನ್ನು ಬಿದ್ದುಹೋಯಿತು. ಚೂರಿನ ಕಪ್ಪು ಚುಕ್ಕೆಗಳಿಂದ ನಾಳೆಯೋ ನಾಡಿದ್ದೋ ನಾನು ಸಾಕಿದ ಕಣಜಗಳು ಹೊರಬರಬೇಕು — ಸಾಸಿವೆಗಿಂತ ಸಣ್ಣವು. ಕಾಯಿಕೊರಕದ ಮೊಟ್ಟೆ ಹುಡುಕಿ, ಅದರೊಳಗೇ ತಮ್ಮ ಮೊಟ್ಟೆ ಇಟ್ಟು, ಅದರ ಕಥೆ ಮುಗಿಸುತ್ತವೆ. ಯಾರೂ ನೋಡುವುದಿಲ್ಲ.

ಅತ್ತಿಗೆಯ ಮಿಂಚುಹುಳದ ಯೋಗವೇ ಬೇರೆ. ಸಂಜೆ ಇದೇ ಹೊಲದಲ್ಲಿ ಮಿಣುಕಿದರೆ ಸಾಕು — ನೋಡಲು ಬರುವವರಿಗೆ ಕುರ್ಚಿ, ಟಿಕೆಟ್, ಕಾಫಿ. ಅದರ ಮರಿಯೂ ಬಸವನಹುಳು ತಿಂದು ಬೆಳೆ ಕಾಯುತ್ತದೆ, ಒಪ್ಪುತ್ತೇನೆ. ಅದನ್ನು ಯಾರು ಕೇಳುತ್ತಾರೆ...

ಜೂನ್ ೩

ಕಾರ್ಡ್ ಇಲ್ಲ. ಒಂದೂ ಇಲ್ಲ. ಜನ ಬರುತ್ತಾರೆಂದು ಅತ್ತಿಗೆ ಹೊಲ ಕ್ಲೀನ್ ಮಾಡಿಸಿದ್ದಾರೆ.

"ಎಲೆ ಎಲೆಗೂ ಕೊಳಕು ಪೇಪರ್ ಕಣೆ. ನೋಡಿದವರು ಏನಂದ್ಕೋತಾರೆ? ಕಿತ್ತು ಸುಡಿಸಿದೆ."

ಮೈಯೆಲ್ಲ ಉರಿಯಿತು. ಮತ್ತೆ ಹಾಕಲು ಕಾರ್ಡ್ ಉಳಿದಿಲ್ಲ; ತಳಿಗೆಂದು ಕೋಣೆಯಲ್ಲಿಟ್ಟ ಒಂದು ಬಾಟಲಿ ಕಣಜ ಮಾತ್ರ.

ಜೂನ್ ೨೦

ಕಾಯಿ ಕಾಯಿಗೂ ತೂತು. ಅಣ್ಣ ಒಂದನ್ನು ಬಿಡಿಸಿ ನನ್ನ ಮುಂದಿಟ್ಟ.

"ನಿನ್ನ ಕಣಜ ನಂಬಿ ಕೆಟ್ಟೆ. ನಾಳೆ ಔಷಧಿ ಹೊಡೀತೀನಿ."

"ಕಾರ್ಡ್ ಕಿತ್ತಿದ್ದು ಯಾರು ಅಂತ ಮನೇಲಿ ಕೇಳು. ಔಷಧಿ ಹೊಡೆದ್ರೆ ಮಿಂಚುಹುಳಾನೂ ಸಾಯುತ್ತೆ. ಹಗಲೆಲ್ಲ ಅವು ಇರೋದು ಈ ಸಾಲಿನ ಹುಲ್ಲಲ್ಲೇ. ಮರಿಗಳು ಇಲ್ಲೇ ಮಣ್ಣಲ್ಲಿ."

ಹಿಂದೆಯೇ ಬಂದಿದ್ದ ಅತ್ತಿಗೆ ನಕ್ಕರು. "ಅವು ಮರದಲ್ಲಿರ್ತವೆ. ಇವಳಿಗೆ ಹೊಟ್ಟೆಕಿಚ್ಚು, ಅಷ್ಟೆ."

ಹೊಟ್ಟೆಕಿಚ್ಚು ಇತ್ತು. ಇಲ್ಲ ಅನ್ನುವುದಿಲ್ಲ. ಹೇಳಿದ್ದು ಮಾತ್ರ ನಿಜ.

ಜೂನ್ ೨೪, ಸಂಜೆ

ಔಷಧಿ ಹೊಡೆದು ಮೂರು ದಿನ. ಕುರ್ಚಿ ತುಂಬ ಜನ. ದೀಪ ಆರಿಸಿದರು. ಕಾದರು. ಕೆಮ್ಮಿದರು. ಯಾರೋ ಟೈಮ್ ನೋಡಲು ಮೊಬೈಲ್ ತೆಗೆದರು — ಹೊಲದಲ್ಲಿ ಬೆಳಗಿದ್ದು ಅದೊಂದೇ. ಅತ್ತಿಗೆ ಟಿಕೆಟ್ ದುಡ್ಡು ವಾಪಸ್ ಕೊಡುವಾಗ ಯಾರ ಮುಖವನ್ನೂ ನೋಡಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅಳು ಬಂತು.

ಜೂನ್ ೨೫

ಔಷಧಿ ಹೊಡೆದದ್ದೂ ದಂಡ. ಒಳಹೊಕ್ಕ ಹುಳ ಕಾಯಿಯೊಳಗೆ ಆರಾಮಾಗಿದೆ. ಹೊರಗಿನಿಂದ ಹೊಸ ಪತಂಗಗಳು ಬಂದು ಮತ್ತೆ ಮೊಟ್ಟೆ ಇಡುತ್ತಿವೆ.

ಅತ್ತಿಗೆ ನಾನು ಕಣಜ ಸಾಕುವ ಕೋಣೆಗೆ ಬಂದರು. ಮೊದಲ ಸಲ.

"ತಪ್ಪಾಯ್ತು ಕಣೆ. ನಿನ್ನ ಹುಳ ಕೊಡು. ನಾನೇ ಸಾಲು ಸಾಲು ತಿರುಗಿ ಬಿಡ್ತೀನಿ, ಹೇಗೆ ಅಂತ ಹೇಳಿಕೊಡು."

ಕೈ ತೊಳೆದು ಬರುತ್ತೇನೆಂದು ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಅವರು ಹೊರಗೆ ಕಾಯುತ್ತಿದ್ದಾರೆ, ಕೋಣೆಯಿಂದ ಎತ್ತಿಕೊಂಡ ಬಾಟಲಿಯನ್ನು ಎದೆಗೆ ಅವಚಿಕೊಂಡು. ಅದರಲ್ಲಿರುವುದೇ ಕೊನೆಯ ಕಣಜಗಳು. ಎಲೆಯ ಮೇಲೆ ವಿಷ ಇನ್ನೂ ಹಾಗೇ ಇದೆ. ಹೇಗೆ ಹೇಳಲಿ — ಈಗ ಬಿಟ್ಟರೆ ಇವೂ...