ಮಡಿಲಕ್ಕಿ ಹೊತ್ತ ಬಸ್ಸು

ಗುಂಡ್ಲುಪೇಟೆ
೧೪-೧೧-೧೯೫೧

ಚಾಮರಾಜನಗರದ ಗುರುಮಲ್ಲಕ್ಕನಿಗೆ ತಂಗಿ ಶಾಂತಮಲ್ಲಮ್ಮನ ಶರಣು.

ಭಾವನವರ ಕೈಯಲ್ಲಿ ಬರೆಸಿದ ನಿನ್ನ ಕಾಗದ ಬಂತು. ಅವರಿಗೆ ಬಡ್ತಿಯಾಯಿತಂತೆ. ರೇಷನ್ ಕೆಲಸದಲ್ಲಿ ಇಷ್ಟು ಬೇಗ ಯಾರಿಗೂ ಆಗುವುದಿಲ್ಲವಂತಲ್ಲ! ಸಂತೋಷ ಕಣಕ್ಕ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಇವರು ಹಾಸಿಗೆ ಹಿಡಿದ ಮೇಲೆ ನಮ್ಮ ಒಲೆ ಉರಿಯುವುದೇ ಗೂಡಲೂರಿನ ಬಸ್ಸಿನಿಂದ. ನಮ್ಮ ಅಕ್ಕಿಗೆ ಗಡಿಯಾಚೆ ಎರಡರಷ್ಟು ಬೆಲೆ. ಕೈ ಬೆಚ್ಚಗೆ ಮಾಡಿದವರ ಲಾರಿಗೆ ಪರ್ಮಿಟ್ಟು, ನಾವು ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ಕಳ್ಳತನ. ಗಡಿಯ ತಪಾಸಣೆ ಗೇಟಿನಲ್ಲಿ ಕೇಳಿದರೆ ತವರಿನವರು ತುಂಬಿದ ಮಡಿಲಕ್ಕಿ ಎನ್ನುತ್ತಿದ್ದೆವು. ಮುತ್ತೈದೆಯ ಮಡಿಲಿಗೆ ಕೈ ಹಾಕಲು ಯಾವ ಗಂಡಸಿಗೆ ಧೈರ್ಯ? ದೀಪಾವಳಿಗೆ ನೀವು ಬಂದಾಗ ಇದನ್ನು ಹೇಳಿಕೊಂಡು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಜಗುಲಿಯಲ್ಲಿದ್ದ ಭಾವನವರು ಮಾತ್ರ ನಗಲಿಲ್ಲ.

ನೀವು ಹೋದ ಮೇಲಿನ ವಾರವೇ ಗೇಟಿನವನು ಹೆಂಗಸೊಬ್ಬಳನ್ನು ಕರೆಸಿ ನನ್ನೊಬ್ಬಳನ್ನೇ ಇಳಿಸಿದ. ಎಂದೂ ತಲೆಯೆತ್ತಿ ನೋಡದವನು, "ಯಾವ ತವರಿಂದ ಬತ್ತಿದ್ದೀಯವ್ವ? ನಿಮ್ಮವ್ವ ಸತ್ತು ಮೂರು ವರ್ಸ ಆಯ್ತಲ್ಲ" ಅಂದ. ಅವ್ವ ಸತ್ತದ್ದನ್ನು ಅವನಿಗೆ ಹೇಳಿದವರು ಯಾರು? ಅಕ್ಕಿ ಹೋಯಿತು, ದಂಡವನ್ನೂ ಕಟ್ಟಿದೆ. ಇನ್ನೊಮ್ಮೆ ಸಿಕ್ಕರೆ ಜೈಲಂತೆ. ಆಗ ಇವರಿಗೆ, ಮಕ್ಕಳಿಗೆ ಅನ್ನ ಹಾಕುವವರು ಯಾರಕ್ಕ?

ಪಕ್ಕದ ಮನೆಯ ಅಕ್ತರ್ ಬೀ ಮೇಲೆ ನನಗೆ ಅನುಮಾನ ಬಂತು. ಅವಳೂ ಅದೇ ಬಸ್ಸಿಗೆ ಬರುವವಳು, ನಮ್ಮ ಮನೆಯ ಸಂಗತಿಯೆಲ್ಲ ಬಲ್ಲವಳು. ನಿನ್ನ ಕಾಗದದಲ್ಲೂ ಅವಳೇ ಇರಬೇಕೆಂದು ಬರೆದಿತ್ತು. ಬಾಯಿಗೆ ಬಂದಂತೆ ಬೈದು ಮಾತು ಬಿಟ್ಟೆ. ಆದರೂ ಅವಳು ಇವರಿಗೆ ಗಂಜಿ ತಂದುಕೊಡುವುದನ್ನು ನಿಲ್ಲಿಸಲಿಲ್ಲ. ನಿನ್ನೆ ಹೋಗಿ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಯಾಕೆ ಅತ್ತೆ ಎಂದು ಮುಖಾಮುಖಿ ಹೇಳುತ್ತೇನೆ.

ನಿನ್ನ ಆರೋಗ್ಯ ನೋಡಿಕೊ. ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ನಿನ್ನ ತಂಗಿ,
ಶಾಂತಮಲ್ಲಮ್ಮ

ತಾ.ಕ.: ಅಕ್ಕನಿಗೆ ಓದು ಬಾರದು, ಆದ್ದರಿಂದ ಇದು ನಿಮಗೇ, ಭಾವ. ಸೋಮವಾರದ ಬಸ್ಸಿಗೆ ಮತ್ತೆ ಹೋಗುತ್ತೇನೆಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ. ನಾನು ಹೋಗಲೂ ಇಲ್ಲ. ಆದರೂ ಸೋಮವಾರ ಗೇಟಿನವರು ಬಸ್ಸು ನಿಲ್ಲಿಸಿ, ಶಾಂತಮಲ್ಲಮ್ಮ ಯಾರು ಎಂದು ಹೆಸರು ಹಿಡಿದು ಕೇಳಿದರಂತೆ. ಈ ನಾಲ್ಕು ಸಾಲು ನೀವು ಅವಳಿಗೆ ಓದಿ ಹೇಳುವುದಿಲ್ಲ, ಗೊತ್ತು. ಶುಕ್ರವಾರ ನಾನೇ ಬಂದು ಹೇಳುತ್ತೇನೆ.