ಅಕ್ಕನ ಕಲ್ಲಿಗೆ ಹೊದಿಕೆ

ಫೆಬ್ರವರಿ 4, ಮಂಗಳವಾರ

ಮತ್ತೆ ಇಸ್ತ್ರಿ ಮಾಡಿದೆ. ಮೂರನೇ ಸಲ. ಕೆಂಪು ಬಟ್ಟೆ ಎಂಟು ಮಡಿಕೆಯಾಗಿ ಮೇಜಿನ ಮೇಲಿದೆ, ಹೋದ ವಾರ ಇಟ್ಟ ಹಾಗೇ. ಪಕ್ಕದಲ್ಲಿ ಕತ್ತರಿ. ಅದನ್ನೂ ಎರಡು ಸಲ ಸಾಣೆ ಹಿಡಿದಾಯಿತು.

ಒಂಬತ್ತಕ್ಕೆ ಮಂಗಳವಾರದ ಹೊಲಿಗೆ ಗುಂಪಿನ ಹೆಂಗಸರು ಬಂದರು, ಸೂಜಿದಾರದ ಡಬ್ಬಿ ಹಿಡಿದು. ಏಳು ಜನ. ಹೊಲಿಯಲು ಏನೂ ಇಲ್ಲ. ಡೋನಟ್ ಕರಿದು ಕೊಟ್ಟೆ. ತಿಂದರು. ಎರಡು ಕೀರ್ತನೆ ಹಾಡಿದರು.

"ಏನೇ ಅಕಾಯಿತಿ, ಕತ್ತರಿಸಿದ್ಯಾ?" ಪಕ್ಕದ ಮನೆ ತೆಪಾಯೆರು ಕೇಳಿದಳು.

"ಹೂವು ಇನ್ನೂ ಮನಸ್ಸಲ್ಲಿ ಕೂತಿಲ್ಲ."

"ಕೂತ ಮೇಲೆ ನಾವು ನಿನ್ನ ಮನಸ್ಸೊಳಗೇ ಬಂದು ಹೊಲೀಬೇಕಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಪ್ರಿಲ್ 26ಕ್ಕೆ ಅಕ್ಕನ ಸಮಾಧಿ ಕಲ್ಲು ತೆರೆಯುವುದು, ಮೇಲಿನ ಹೊದಿಕೆ ಸರಿಸಿ ಊರಿಗೆಲ್ಲ ತೋರಿಸುವುದು. ಅಷ್ಟರಲ್ಲಿ ಕಲ್ಲಿನ ಮೇಲೆ ಹೊಸ ತಿವಾಯಿವಾಯಿ ಹೊದಿಕೆ ಇರಬೇಕು. ಮಡಿಸಿದ ಕೆಂಪು ಬಟ್ಟೆಯಲ್ಲಿ ಹೂವು ಕತ್ತರಿಸಿ, ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಕೈಹೊಲಿಗೆ. ಮಣ್ಣು ಮಾಡಿದ ದಿನ ಯಾರೋ ಅತ್ತರು, ಇನ್ನು ನಮಗೆ ಯಾರು ಕತ್ತರಿಸಿ ಕೊಡ್ತಾರೆ ಅಂತ. ನಾನು ಕತ್ತರಿಸ್ತೀನಿ ಅಂದುಬಿಟ್ಟೆ. ಯಾಕೆ ಅಂದೆನೋ. ಮೂವತ್ತೊಂದು ವರ್ಷ ಅಕ್ಕ ಕತ್ತರಿಸಿದಳು, ನಾನು ಹೊಲಿದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿ ತಪ್ಪಿದರೆ...

ಫೆಬ್ರವರಿ 6

ಇವತ್ತೇ ಅಂದುಕೊಂಡೆ. ಆಮೇಲೆ ಕೆಸುವಿನ ಗದ್ದೆ ನೆನಪಾಯಿತು. ಕಳೆ ಇರಲಿಲ್ಲ. ಆದರೂ ಸಂಜೆವರೆಗೆ ಕಿತ್ತೆ.

ಫೆಬ್ರವರಿ 9

ಭಾನುವಾರ. ಸೂಜಿ ಕತ್ತರಿ ಮುಟ್ಟುವಂತಿಲ್ಲ. ಎಂಥ ನೆಮ್ಮದಿ.

ಫೆಬ್ರವರಿ 18, ಮಂಗಳವಾರ

ಕಾಗದದ ಮೇಲೆ ದಾಸವಾಳ ಬರೆದು ನೋಡಿದೆ. ನಾಲ್ಕು ಹಾಳೆ. ನಾಲ್ಕರಲ್ಲೂ ಆಕ್ಟೋಪಸ್.

ಅಕ್ಕ ಕತ್ತರಿಸಿಟ್ಟ ಕಾಗದದ ಮಾದರಿಗಳಿದ್ದವು. ನಾವೇ ಅವಳ ಜೊತೆ ಪೆಟ್ಟಿಗೆಯಲ್ಲಿಟ್ಟು ಹೂತೆವು. ಆಗ ಅದೇ ಸರಿ ಅನ್ನಿಸಿತ್ತು. ದ್ವೀಪದ ಆಚೆ ಬದಿಯ ತಮಾರುವಾ ಹಳ್ಳಿಯಲ್ಲಿ ಒಬ್ಬಳು ಕತ್ತರಿಸುತ್ತಾಳೆ, ಕೇಳಿದರೆ ಮಾದರಿ ಕೊಡುತ್ತಾಳೆ. ಅಕ್ಕನ ಕಲ್ಲಿನ ಮೇಲೆ ತಮಾರುವಾದ ಹೂವೇ? ಎದ್ದು ಬಂದು ಕಿತ್ತೆಸೆಯುತ್ತಾಳೆ.

ಹೆಂಗಸರಿಗೆ ಹೇಳಿದೆ, ಇನ್ನೇನು ಆಯಿತು ಅಂತ.

ಮಾರ್ಚ್ 5

ಆಕ್ಲೆಂಡಿನಿಂದ ಅಕ್ಕನ ಮಗಳು ಕುರಾ ಫೋನ್ ಮಾಡಿದಳು.

"ಚಿಕ್ಕಮ್ಮಾ, ಕಲ್ಲು ಹಡಗು ಹತ್ತಿತು. ಹೊದಿಕೆ ಎಲ್ಲೀವರೆಗೆ ಬಂತು?"

"ಅರ್ಧ ಆಗಿದೆ."

"ಒಂದು ಫೋಟೋ ಕಳಿಸು ಮತ್ತೆ."

"ಕಲ್ಲು ತೆರೆಯೋ ಮುಂಚೆ ನೋಡಬಾರದು."

ಹಾಗಂತ ಎಲ್ಲೂ ಪದ್ಧತಿ ಇಲ್ಲ. ನಂಬಿದಳು. ಫೋನ್ ಇಟ್ಟು ಪಾತ್ರೆ ತೊಳೆದೆ. ಬೆಳಿಗ್ಗೆ ತೊಳೆದಿಟ್ಟಿದ್ದನ್ನೇ.

ಮಾರ್ಚ್ 13, ಮಧ್ಯಾಹ್ನ 4

ಕತ್ತರಿಸಿದೆ. ಒಂದೇ ಉಸಿರಿಗೆ. ನಿಲ್ಲಿಸಿದರೆ ಮತ್ತೆ ಹಿಡಿಯಲಾರೆ ಅಂತ ಗೊತ್ತಿತ್ತು. ಮಡಿಕೆ ಬಿಚ್ಚಿದೆ. ಚಾಪೆ ತುಂಬ ಒಂದೇ ಹೂವು ಹರಡಬೇಕಿತ್ತು.

ಎಂಟು ತುಂಡು ಬಿದ್ದವು. ಬಿಡಿಬಿಡಿಯಾಗಿ.

ಮಡಿಕೆಯ ಚೂಪು ಮೂಲೆಯೇ ಬಟ್ಟೆಯ ನಡು. ಎಲ್ಲ ಎಸಳೂ ಅಲ್ಲಿ ಕೂಡಿರಬೇಕು. ಅದನ್ನೇ ಕತ್ತರಿಸಿ ಹಾಕಿದ್ದೇನೆ. ಸ್ಕೂಲಿನ ಹುಡುಗಿಯರೂ ಮಾಡದ ತಪ್ಪು. ಮೂವತ್ತೊಂದು ವರ್ಷ ನೋಡಿದ್ದೇನಲ್ಲ... ನೋಡಿದ್ದು ಎದುರಿನಿಂದ. ಅವಳು ಕತ್ತರಿಸುವಾಗ ಎದುರು ಕೂತು ಬಟ್ಟೆ ಹಿಡಿಯುವುದು ನನ್ನ ಕೆಲಸ. ಚೂಪು ಮೂಲೆ ಯಾವಾಗಲೂ ಆಚೆ, ಅವಳ ಕಡೆ. ಇವತ್ತೂ ಹಾಗೇ ಇಟ್ಟೆ, ಮೂಲೆ ಆಚೆಗೆ. ಈಚೆ ನನ್ನ ಜಾಗದಲ್ಲೇ ಕೂತೆ.

ಆಚೆ ಯಾರೂ ಇರಲಿಲ್ಲ.

ಮಾರ್ಚ್ 18, ಮಂಗಳವಾರ

ಬಾಗಿಲು ತೆಗೆಯಲಿಲ್ಲ. ಜ್ವರ ಅಂದೆ ಕಿಟಕಿಯಿಂದ. ಜಗಲಿಯಲ್ಲಿ ಕೂತು ಹಾಡಿದರು. ಒಳಗಿಂದ ಕೇಳಿದೆ. ಪರಂಗಿಹಣ್ಣು ಇಟ್ಟು ಹೋದರು.

ಮಾರ್ಚ್ 25, ಮಂಗಳವಾರ

ಮತ್ತೆ ಜ್ವರ. ಈ ಸಲ ಪೊಕೊ ಅಜ್ಜಿ ಹಿಂಬಾಗಿಲಿಂದ ನುಗ್ಗಿದರು. ಎಂಬತ್ನಾಲ್ಕು ವರ್ಷ, ಗುಂಪಿಗೆಲ್ಲ ಹಿರಿಯರು. ಹಣೆ ಮುಟ್ಟಿ ನೋಡಿದರು.

"ಮೀನಿಗಿಂತ ತಣ್ಣಗಿದ್ದೀಯ. ಎಲ್ಲಿಟ್ಟಿದ್ದೀಯ, ತೆಗಿ."

ಹಾಸಿಗೆ ಕೆಳಗಿಂದ ತೆಗೆದುಕೊಟ್ಟೆ. ಒಂದೊಂದೇ ಎಣಿಸಿದರು. ಎಂಟಕ್ಕೆ ನಕ್ಕರು. ಹಲ್ಲಿಲ್ಲದ ನಗು, ನಿಲ್ಲಲೇ ಇಲ್ಲ.

"ನಗಬೇಡಿ ಅಜ್ಜಿ."

"ಏಳು ಬಂದಿದ್ರೆ ಅಳ್ತಿದ್ದೆ ಕಣೇ, ಇವಳಿಗೆ ಮಡಿಸೋಕೂ ಬರಲ್ಲ ಅಂತ." ಆಮೇಲೆ ನಗು ಹೋಯಿತು. "ಬಟ್ಟೆ ಹಾಳು ಮಾಡಿ ಅತ್ತೋರನ್ನ ಬೇಕಾದಷ್ಟು ನೋಡಿದ್ದೀನಿ. ನಾವು ಎಷ್ಟು ಮಂಗಳವಾರ ಸೂಜಿಗೆ ದಾರ ಹಾಕ್ಕೊಂಡು ಬಂದು ಕೂತ್ವಿ? ನಿನ್ನಕ್ಕ ನಿನಗೊಬ್ಬಳಿಗೇ ಸತ್ತಳಾ? ನಮ್ಮ ಕೈಗೂ ಏನಾದ್ರೂ ಕೊಡು."

ಇದು ನನಗೆ ಹೊಳೆದೇ ಇರಲಿಲ್ಲ. ಡೋನಟ್ ಕರಿದು ಕೊಟ್ಟಿದ್ದೆ.

"ನನ್ನ ಕೈಲಾಗಲ್ಲ ಅಜ್ಜಿ. ತಮಾರುವಾದವಳನ್ನ ಕೇಳಿ."

"ಕೇಳಿ ಆಯ್ತು. ನಾಳೆನೇ ಕತ್ತರಿಸಿ ಕಳಿಸ್ತಾಳಂತೆ. ಹೂಂ ಅನ್ನಲಾ?"

"ಬೇಡ" ಅಂದೆ. ಎಷ್ಟು ಜೋರಾಗಿ ಅಂದೆ ಅಂದರೆ, ನಾನೇ ಬೆಚ್ಚಿಬಿದ್ದೆ.

ಅಜ್ಜಿ ಎಂಟೂ ತುಂಡು ಬಗಲಲ್ಲಿ ಇಟ್ಟುಕೊಂಡು ಹೊರಟರು. ದಿಂಬಿಗಾಗುತ್ತೆ ಅಂತ.

ಮಾರ್ಚ್ 29, ಶನಿವಾರ

ಅಜ್ಜಿ ನೇರಳೆ ಬಟ್ಟೆ ತಂದರು. ಕರ್ಪೂರದ ಗುಳಿಗೆಯ ವಾಸನೆ. ತಮ್ಮ ಶವಪೆಟ್ಟಿಗೆಯ ಮೇಲಿನ ಹೊದಿಕೆಗೆ ಅಂತ ಹನ್ನೆರಡು ವರ್ಷದಿಂದ ಎತ್ತಿಟ್ಟಿದ್ದು. ಊರಿಗೆಲ್ಲ ಗೊತ್ತು.

"ಇದು ನಿಮಗೆ ಅಂತ ಇಟ್ಟಿದ್ದಲ್ವಾ?"

"ನನಗೇನೂ ಅವಸರ ಇಲ್ಲ. ನಿನಗಿದೆ."

"ಇದನ್ನೂ ಹಾಳು ಮಾಡಿದ್ರೆ?"

"ಆಗ ನೀನು ಇನ್ನೊಂದು ತರಿಸೋವರೆಗೆ ನಾನು ಸಾಯೋ ಹಾಗಿಲ್ಲ. ಅಷ್ಟೇ ತಾನೆ?"

ಹೋದ ಮೇಲೆ ಬಟ್ಟೆ ಮಡಿಸಿದೆ. ಬಿಚ್ಚಿದೆ. ಮಡಿಸಿದೆ.

ಮಾರ್ಚ್ 30

ಭಾನುವಾರ. ಇವತ್ತೇ ಯಾಕೆ ಬಂತೋ. ಚರ್ಚಿನಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳಲ್ಲಿ ಎಸಳು ಎಳೆಯುತ್ತಿದ್ದೆ. ತೆಪಾಯೆರು ತಿವಿದಳು. ಸುಮ್ಮನಾದೆ. ಮತ್ತೆ ಎಳೆದೆ.

ಏಪ್ರಿಲ್ 1, ಮಂಗಳವಾರ, ಬೆಳಿಗ್ಗೆ 8:40

ಎಲ್ಲರೂ ಬಂದಾಗಿದೆ. ಇವತ್ತಿನಿಂದ ದಿನಾ ಬರುತ್ತಾರಂತೆ. ಇನ್ನು ಇಪ್ಪತ್ತೈದು ದಿನ. ಇಸ್ತ್ರಿ ಪೆಟ್ಟಿಗೆ ಎತ್ತಿದೆ, ತೆಪಾಯೆರು ಕಿತ್ತುಕೊಂಡಳು. ಕತ್ತರಿ ಸಾಣೆಗೆ ಅಂದೆ. "ಇನ್ನೂ ಹಿಡಿದರೆ ಹಿಡಿ ಮಾತ್ರ ಉಳಿಯುತ್ತೆ" ಅಂದಳು.

ಪೊಕೊ ಅಜ್ಜಿ ಚಾಪೆಯ ಈಚೆ ಕೂತು ಬಟ್ಟೆ ಹಿಡಿದಿದ್ದಾರೆ. ಆಚೆ ಕಡೆ ಖಾಲಿ ಬಿಟ್ಟಿದ್ದಾರೆ. ಚೂಪು ಮೂಲೆ ಅತ್ತ. ಅಲ್ಲಿ ಕೂರಬೇಕು ನಾನು.

ಕನ್ನಡಕ ತರುತ್ತೇನೆ ಅಂತ ಒಳಗೆ ಬಂದೆ. ಕನ್ನಡಕ ಮೂಗಿನ ಮೇಲೇ ಇದೆ.

ಅಕ್ಕನ ಹೂವಿನ ಹಾಗಂತೂ ಬರುವುದಿಲ್ಲ. ಎಲ್ಲರೂ ನೋಡುತ್ತಾರೆ. ಕುರಾ ನೋಡುತ್ತಾಳೆ.

"ಅಕಾಯಿತೀ! ಒಳಗೆ ಕೂತು ಏನೇ ಬರೀತಿದ್ದೀಯ? ನನ್ನ ತೋಳು ಬಿದ್ದುಹೋಗ್ತಿದೆ!"

ಬಂದೆ ಅಂದೆ. ಇದೊಂದು ಸಾಲು ಮುಗಿಸಿ ಹೋ—