ಹಾರದೆ ಬರೆದ ಗಂಟೆಗಳು

ಚೇಕಾಡಿ, ವಯನಾಡು
ನವೆಂಬರ್ ೧೭, ೨೦೨೪

ಪ್ರೀತಿಯ ಅಣ್ಣಾ,

ಸೌಖ್ಯವೇ? ನಿನ್ನ ಬೆನ್ನುನೋವು ಹೇಗಿದೆ? ಸಿಟ್ಟು ಮೂಗಿನ ತುದಿಯಲ್ಲಿದ್ದರೂ ಮೊದಲು ಇದನ್ನು ಕೇಳಬೇಕೆಂದು ಅಮ್ಮ ಕಲಿಸಿದ್ದಾಳೆ, ಕೇಳಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯ. ಗದ್ದೆ ತೆನೆ ಬಿಟ್ಟಿದೆ, ಅಪ್ಪ ಆನೆ ಕಾಯಲು ಮರದ ಮೇಲಿನ ಮಾಡದ ಅಟ್ಟಣೆ ಹತ್ತುತ್ತಾರೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ.

ನಾನು ಹೆದರಿ ಓಡಿಬಂದೆನೆಂದು ಅಮ್ಮನಿಗೆ ಹೇಳಿದೆಯಂತೆ. ಪಾಪ, ಅವಳು ನನ್ನ ತಲೆಗೆ ಎಣ್ಣೆ ತಟ್ಟುತ್ತಾ, "ಪೇಡಿ ಆಯ್ತಾ ಮೋಳೇ? ಸಾರ ಇಲ್ಲ, ಹೋಗ್ಲಿ ಬಿಡು ಮಗಾ, ಬ್ಯಾಂಕ್ ಪರೀಕ್ಷೆ ಬರಿ" ಎಂದಳು. ಹೆದರಿದ್ದು ನಾನೇ? ಏರ್‌ಲೈನ್ ಕೆಲಸಕ್ಕೆ ನನಗೆ ಬಾಕಿಯಿದ್ದದ್ದು ಎರಡು ಎಂಜಿನಿನ ವಿಮಾನ ಹಾರಿಸಿದ ಗಂಟೆಗಳಷ್ಟೇ. ನೀನು ಪೈಲಟ್ ಆಗಲು ಕಲಿತ ಶಾಲೆಗೇ ನನ್ನನ್ನೂ ಕಳಿಸಿದೆ. ಹೋಗಿ ನೋಡಿದರೆ ಅಲ್ಲಿದ್ದ ಒಂದೇ ಒಂದು ವಿಮಾನದ ಎಡ ಎಂಜಿನ್ ಬಿಚ್ಚಿ ಹಲಗೆಯ ಮೇಲಿಟ್ಟಿದ್ದರು, ರೆಕ್ಕೆಯ ತುಂಬ ಪಾರಿವಾಳದ ಹಿಕ್ಕೆ. ಶಿಕ್ಷಕ ಚಹಾ ತರಿಸಿ, "ಹಾರುವ ತೊಂದರೆ ಯಾಕಮ್ಮಾ? ಲಾಗ್‌ಬುಕ್ಕಿನಲ್ಲಿ ಹಾರಿದ ಹಾಗೆ ಗಂಟೆ ಬರೆದುಕೊಡ್ತೇನೆ, ನಿಮ್ಮಣ್ಣ ಮಾತಾಡಿದ್ದಾರೆ" ಎಂದ. ಹೊರಗೆ ಬಂದು ನಿನಗೆ ಫೋನ್ ಮಾಡಿದೆ. "ಎಲ್ಲಾರೂ ಇಂಗೇ ಮಾಡುವದು, ಸುಮ್ನೆ ಸೈನ್ ಹಾಕಿ ಬಾ" ಎಂದವನು ನೀನು.

ಒಂದು ಎಂಜಿನ್ ನಿಂತರೆ ವಿಮಾನದ ಮೂಗು ಸತ್ತ ಎಂಜಿನಿನ ಕಡೆಗೆ ತಿರುಗುತ್ತದೆ. ಆ ಗಳಿಗೆಯಲ್ಲಿ ಇನ್ನೊಂದು ಕಡೆಯ ಕಾಲು ತಾನಾಗಿ ಪೆಡಲ್ ಒತ್ತಬೇಕು. ಕಾಲಿಗೆ ಅದನ್ನು ಕಲಿಸುವುದಕ್ಕೇ ಆ ಗಂಟೆಗಳು. ಶಾಯಿಗೆ ಕಲಿಸಿ ಏನು ಪ್ರಯೋಜನ? ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡು ಕೂತವಳಿಗೆ ನಾನು ಏನು ಹೇಳಲಿ? ಅವನ ಚಹಾ ಮುಟ್ಟದೆ ಎದ್ದು ಬಂದೆ.

ಪುಲ್ಪಳ್ಳಿಯಲ್ಲಿ ಬಸ್ ಇಳಿದಾಗ ಅಂಗಡಿಯ ವೇಲಾಯುಧನ್ ಚೇಟ್ಟನ್, "ಎಂದಾ ಪೈಲಟ್ಟೇ, ಏನು, ಇಷ್ಟು ಬೇಗ ಇಳಿದ್ಯಾ?" ಎಂದು ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ನಿನ್ನ ಮರ್ಯಾದೆ ಉಳಿಯಲೆಂದು ಬಾಯಿ ಮುಚ್ಚಿಕೊಂಡೆ. ಆ ಮೌನವನ್ನೇ ಹಿಡಿದು ನನ್ನನ್ನು ಹೇಡಿ ಮಾಡಿದೆಯಲ್ಲ, ನಾಚಿಕೆಯಾಗಲಿಲ್ಲವೆ? ನಿನ್ನೆ ಅಪ್ಪನಿಗೆ ಆ ಶಾಲೆಯ ಸಂಗತಿ ಹೇಳಿದೆ. "ಬೇರೆ ಕಡೆ ಹೋಗು. ಹಾರಿ ಕಲಿ" ಎಂದರು. ಬೇರೊಂದು ಶಾಲೆಯಲ್ಲಿ ಜಾಗ ಸಿಕ್ಕಿದೆ. ಅಲ್ಲಿಯ ವಿಮಾನಕ್ಕೆ ಎರಡೂ ಎಂಜಿನ್ ಇವೆ, ವಿಚಾರಿಸಿದ್ದೇನೆ. ಮುಂದಿನ ಸೋಮವಾರ ಹೊರಡುತ್ತೇನೆ.

ಜಿನೇಶ್ವರ ನಿನ್ನನ್ನು ಕಾಯಲಿ ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ಅದು ಅವಳ ಆಶೀರ್ವಾದ. ನನ್ನ ಕೈಯಲ್ಲಿ ಸದ್ಯಕ್ಕೆ ಕೊಡುವಂಥದ್ದೇನೂ ಇಲ್ಲ.

ನಿನ್ನ ತಂಗಿ,
ಜಿನಶ್ರೀ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಎದ್ದು ಬರುವಾಗ ಆ ಶಿಕ್ಷಕ ಹಿಂದಿನಿಂದ ಕೂಗಿದ: "ನಿಮ್ಮಣ್ಣನಿಗೂ ಹೀಗೇ ಬರೆದುಕೊಟ್ಟದ್ದು. ಅವರೀಗ ಹಾರಿಸ್ತಿಲ್ವಾ?" ಸುಜಿತಣ್ಣಾ, ನಿನ್ನ ಹಿಂದೆ ದಿನವೂ ವಿಮಾನದ ತುಂಬ ಜನ ಕೂರುತ್ತಾರೆ. ಸಿಮ್ಯುಲೇಟರಿನಲ್ಲಿ ಪಾಸಾಗಿದ್ದೇನೆ ಎನ್ನಬೇಡ. ನೀನಾಗಿ ಕಂಪನಿಗೆ ಹೇಳಿ ಆ ಸೀಟಿನಿಂದ ಇಳಿ. ಸೋಮವಾರ ಹೋಗುವ ದಾರಿಯಲ್ಲಿ ಕಲ್ಪೆಟ್ಟದಲ್ಲಿ ವಿಮಾನಯಾನ ಇಲಾಖೆಗೆ ಬರೆದ ದೂರನ್ನು ಅಂಚೆಗೆ ಹಾಕುತ್ತೇನೆ. ಅದರಲ್ಲಿ ಶಾಲೆಯ ಹೆಸರಿದೆ, ನಿನ್ನ ಹೆಸರೂ ಇದೆ. ಅಮ್ಮ ಅಪ್ಪನಿಗೆ ನಿನ್ನ ಗಂಟೆಗಳ ವಿಷಯ ಇನ್ನೂ ಗೊತ್ತಿಲ್ಲ. ಅವರಿಗೆ ನೀನೇ ಹೇಳು.